ಆಡುವ ಮಕ್ಕಳ ಮಂಡಿ ನೋವು

ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಸ್ವಲ್ಪ ದಿನಕ್ಕೇ ಕ್ರೀಡಾಕೂಟದ ಮಾತು ಏಳುತ್ತದೆ. ಮೊದಲು ವಲಯ ಮಟ್ಟ, ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಏಪ್ರಿಲ್, ಮೇ ಪೂರ್ತಿ ಅಜ್ಜಿಮನೆ, ಮದುವೆಮನೆ ಎಂದು ಓಡಾಡಿಕೊಂಡಿದ್ದ ಮಕ್ಕಳು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅಭ್ಯಾಸಕ್ಕೆ ನಿಲ್ಲುತ್ತಾರೆ. ಆಗಸ್ಟ್ ಹೊತ್ತಿಗೆ ಮೈದಾನದ ಅಂಚಿನಲ್ಲಿ ಯಾರಾದರೂ ಒಬ್ಬರು ಮಂಡಿ ಹಿಡಿದುಕೊಂಡು ಕೂತಿರುತ್ತಾರೆ. ಏನಾಯಿತು ಎಂದರೆ "ಏನಿಲ್ಲ ಮಿಸ್" ಎನ್ನುತ್ತಾರೆ. ಟೀಮಿನಿಂದ ತೆಗೆದುಬಿಡುತ್ತಾರೆ ಎಂಬ ಹೆದರಿಕೆ ಆ ಮಾತಿನ ಹಿಂದೆ ಇರುತ್ತದೆ. ದೈಹಿಕ ಶಿಕ್ಷಕಿಯಾಗಿ ವರ್ಷವರ್ಷವೂ ಇದನ್ನು ನೋಡುತ್ತಿದ್ದೇನೆ.

ಈ ಲೇಖನ ಆ ಹುಡುಗ ಹುಡುಗಿಯರಿಗಾಗಿ. ನೀನು ಬಿದ್ದಿಲ್ಲ, ಯಾರೂ ಒದ್ದಿಲ್ಲ, ಮಂಡಿ ತಿರುಚಿಯೂ ಇಲ್ಲ. ಆದರೂ ವಾರಗಳಿಂದ ಮಂಡಿ ನೋಯುತ್ತಿದೆ. ಓಡಿದರೆ ಹೆಚ್ಚಾಗುತ್ತದೆ, ಭಾನುವಾರ ಮಲಗಿದ್ದರೆ ಕಡಿಮೆಯಾಗುತ್ತದೆ, ಸೋಮವಾರ ಮತ್ತೆ ಶುರು. ಹೀಗಿದ್ದರೆ ನಿಧಾನವಾಗಿ ಓದು, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳು.

ನಿನಗೆ ಇಷ್ಟರಲ್ಲಿ ಎರಡು ಬಗೆಯ ಉಪದೇಶ ಸಿಕ್ಕಿರುತ್ತದೆ. ಒಂದು, "ಬೆಳೆಯೋ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ, ತಡ್ಕೊಂಡು ಆಡು." ಇನ್ನೊಂದು, "ಆಟಾನೇ ಬಿಟ್ಬಿಡು, ಓದ್ಕೋ." ಎರಡನ್ನೂ ನಾನು ಒಪ್ಪುವುದಿಲ್ಲ. ತಡೆದುಕೊಂಡು ಆಡಿದವರ ನೋವು ತಿಂಗಳಿಂದ ವರ್ಷಕ್ಕೆ ಎಳೆಯುವುದುಂಟು. ಪೂರ್ತಿ ಬಿಟ್ಟು ಕೂತವರ ತೊಡೆ ಬಲ ಕಳೆದುಕೊಳ್ಳುತ್ತದೆ, ಮತ್ತೆ ಮೈದಾನಕ್ಕೆ ಇಳಿದ ವಾರವೇ ನೋವು ವಾಪಸ್. ಮಂಡಿಯ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಲೆಕ್ಕ ಇಟ್ಟು, ಅದನ್ನು ಮಂಡಿ ತಾಳುವಷ್ಟಕ್ಕೆ ಇಳಿಸಿ, ಬಲ ಬಂದಂತೆ ಮೆಲ್ಲಗೆ ಏರಿಸುವುದು ಇವೆರಡರ ನಡುವಿನ ದಾರಿ. ನಿಧಾನದ ದಾರಿ, ಆದರೆ ಬಹುಪಾಲು ಮಕ್ಕಳಿಗೆ ಕೆಲಸ ಮಾಡುವುದು ಅದೇ.

ಮೊದಲು ನೋವು ಎಲ್ಲಿದೆ ಎಂದು ಹುಡುಕೋಣ. ಬೆಂಚಿನ ಮೇಲೆ ಕೂತು ಕಾಲು ಕೆಳಗೆ ಬಿಡು, ಮಂಡಿ ಮಡಚಿರಲಿ. ಹೆಬ್ಬೆರಳನ್ನು ಮಂಡಿಚಿಪ್ಪಿನ ಮೇಲಿಡು. ಅಲ್ಲಿಂದ ಕೆಳಗೆ ಸರಿಸಿದರೆ ಚಿಪ್ಪಿನ ಕೆಳತುದಿ ಸಿಗುತ್ತದೆ. ಅದರ ಕೆಳಗೆ ಅಗಲವಾದ, ಬಿಗಿಯಾದ ಪಟ್ಟಿ. ಅದು ಸ್ನಾಯುರಜ್ಜು. ಇನ್ನೂ ಎರಡು ಮೂರು ಬೆರಳು ಕೆಳಗೆ ಹೋದರೆ ಕಣಕಾಲಿನ ಮೂಳೆ ಮುಂದಕ್ಕೆ ಉಬ್ಬಿದ ಒಂದು ಗುಬುಟು ತಾಗುತ್ತದೆ. ಅದನ್ನು ಒತ್ತಿದಾಗ "ಅಯ್ಯೋ, ಅಲ್ಲೇ!" ಎನ್ನುವಂತಾದರೆ, ಇನ್ನೊಂದು ಕಾಲಿಗಿಂತ ಅಲ್ಲಿ ಹೆಚ್ಚು ಊದಿದ್ದರೆ, ಮಂಡಿಯೂರಿ ಕೂರುವುದು ಕಷ್ಟವಾಗಿದ್ದರೆ, ನಿನ್ನ ನೋವು ಬಹುಶಃ ಆಸ್‌ಗುಡ್ ಶ್ಲಾಟರ್ ಎಂಬುದು. ಅಮೆರಿಕದ ಬಾಸ್ಟನ್ನಿನ ರಾಬರ್ಟ್ ಆಸ್‌ಗುಡ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಎಂಬ ಇಬ್ಬರು ವೈದ್ಯರು 1903ರಲ್ಲಿ ಬೇರೆಬೇರೆಯಾಗಿಯೇ ಇದನ್ನು ವಿವರಿಸಿದರು. ಹೆಸರು ಕೇಳಿ ಗಾಬರಿಯಾಗಬೇಡ. ಇದು ಅಂಟುರೋಗವಲ್ಲ, ವಾತವಲ್ಲ, ಮೂಳೆ ಸವೆತವೂ ಅಲ್ಲ.

ಯಾಕೆ ಬರುತ್ತದೆ? ತೊಡೆಯ ಮುಂಭಾಗದಲ್ಲಿ ದೇಹದ ಅತ್ಯಂತ ಬಲವಾದ ಸ್ನಾಯುಗಳ ಗುಂಪೊಂದಿದೆ. ನೀನು ಜಿಗಿದಾಗ, ಓಡುತ್ತಾ ತಟ್ಟನೆ ನಿಂತಾಗ, ಕೂತಲ್ಲಿಂದ ಎದ್ದಾಗ ಅದು ಎಳೆಯುತ್ತದೆ. ಆ ಎಳೆತ ಮಂಡಿಚಿಪ್ಪಿನ ಮೂಲಕ, ಅದರ ಕೆಳಗಿನ ರಜ್ಜುವಿನ ಮೂಲಕ ಹೋಗಿ ಈ ಗುಬುಟಿನ ಮೇಲೆ ಬೀಳುತ್ತದೆ. ದೊಡ್ಡವರಲ್ಲಿ ಆ ಗುಬುಟು ಗಟ್ಟಿ ಮೂಳೆ. ನಿನ್ನಲ್ಲಿ ಅದು ಇನ್ನೂ ಬೆಳೆಯುತ್ತಿರುವ ಜಾಗ, ಮೂಳೆಯಾಗುತ್ತಿರುವ ಮೃದ್ವಸ್ಥಿ. ಹಸಿ ನೆಲದಲ್ಲಿ ಹೂತ ಗೂಟಕ್ಕೆ ಎತ್ತು ಕಟ್ಟಿದರೆ ಗೂಟದ ಬುಡ ಹೇಗೆ ಅಲುಗಾಡುತ್ತದೋ ಹಾಗೆ ಆ ಜಾಗಕ್ಕೆ ಮತ್ತೆ ಮತ್ತೆ ಎಳೆತ ಬಿದ್ದು ಕೆರಳುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ.

ಹೆಣ್ಣುಮಕ್ಕಳು ಸುಮಾರು 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 14ರ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ ಎತ್ತರವಾಗುತ್ತಾರೆ. ಆ ಒಂದು ವರ್ಷದಲ್ಲೇ 8ರಿಂದ 10 ಸೆಂಟಿಮೀಟರ್ ಏರುವುದುಂಟು. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟು ಡಿಸೆಂಬರ್‌ಗೆ ಕಣಕಾಲಿನ ಮೇಲೆ ನಿಂತಿದ್ದರೆ ಅದೇ ಸಾಕ್ಷಿ. ಮೂಳೆ ಉದ್ದವಾದ ವೇಗಕ್ಕೆ ತೊಡೆಯ ಸ್ನಾಯು ಕೂಡಲೇ ಹೊಂದಿಕೊಳ್ಳುವುದಿಲ್ಲ, ಬಿಗಿಯಾಗಿರುತ್ತದೆ. ಹುಡುಗಿಯರ ಬೆಳವಣಿಗೆ ಬೇಗ ಶುರುವಾಗುವುದರಿಂದ ಅವರಿಗೆ ಈ ನೋವು ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆರನೇ ಕ್ಲಾಸಿನ ಹುಡುಗಿ ಮಂಡಿ ನೋವು ಎಂದರೆ ನೆಪ ಹೇಳುತ್ತಿದ್ದಾಳೆ ಎಂದುಕೊಳ್ಳಬಾರದು.

ಇದು ಆಡುವ ಮಕ್ಕಳ ನೋವು ಎಂಬುದಕ್ಕೆ ಲೆಕ್ಕವೂ ಇದೆ. ಫಿನ್ಲೆಂಡಿನಲ್ಲಿ ಹದಿಹರೆಯದವರನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟವಾಡುವವರಲ್ಲಿ ಶೇ. 21 ಜನರಿಗೆ ಆಸ್‌ಗುಡ್ ಶ್ಲಾಟರ್ ಕಂಡಿತ್ತು. ಆಡದವರಲ್ಲಿ ಶೇ. 4.5 ಜನರಿಗೆ ಮಾತ್ರ.

ನಿನ್ನ ಬೆರಳು ಬೇರೆ ಜಾಗದಲ್ಲಿ ನಿಂತಿರಬಹುದು. ಮಂಡಿಚಿಪ್ಪಿನ ಕೆಳತುದಿಯಲ್ಲೇ ಚುಚ್ಚಿದಂತಾದರೆ, ನೀನು 10ರಿಂದ 13ರ ಒಳಗಿನವನಾಗಿದ್ದರೆ, ಅದೂ ಇದೇ ಜಾತಿಯ ತೊಂದರೆ, ಎಳೆತ ಬೀಳುವ ಜಾಗ ಮಾತ್ರ ಮೇಲೆ. ಪಿಯುಸಿ ವಯಸ್ಸಿನ ವಾಲಿಬಾಲ್, ಹೈಜಂಪ್ ಆಟಗಾರರಿಗೆ ಅದೇ ಜಾಗದ ರಜ್ಜುವೇ ಕೆಡುತ್ತದೆ. ಅದಕ್ಕೆ ಜಂಪರ್ಸ್ ನೀ ಎನ್ನುತ್ತಾರೆ. ಇನ್ನು ಕೆಲವರು ಒಂದು ಬೆರಳಲ್ಲಿ ತೋರಿಸಲು ಆಗುವುದಿಲ್ಲ, ಮಂಡಿಚಿಪ್ಪಿನ ಸುತ್ತ ಅಂಗೈ ಆಡಿಸಿ "ಇಲ್ಲೆಲ್ಲ, ಒಳಗಡೆ" ಎನ್ನುತ್ತಾರೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂರುವಾಗ, ಕ್ಲಾಸಿನಲ್ಲಿ ಎರಡು ಪೀರಿಯಡ್ ನೆಲದ ಮೇಲೆ ಕಾಲು ಮಡಚಿ ಕೂತು ಏಳುವಾಗ ನೋವು. ಇದು ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಸರಿಯುವ ಕೀಲಿನ ನೋವು, ಹುಡುಗಿಯರಲ್ಲಿ ಹೆಚ್ಚು. ಹೆಸರು ಬೇರೆಬೇರೆಯಾದರೂ ಭಾರ ಇಳಿಸಿ, ಬಲ ಕಟ್ಟಿ, ಮೆಲ್ಲಗೆ ಏರಿಸುವ ಕ್ರಮ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ.

ಮುಂದೆ ಹೋಗುವ ಮೊದಲು ಒಂದು ಮುಖ್ಯ ಮಾತು. ಈ ಲೇಖನ ಓದಿ ಮನೆಯಲ್ಲೇ ಸರಿಮಾಡಿಕೊಳ್ಳಬಾರದ ಮಂಡಿ ನೋವುಗಳಿವೆ. ಇಲ್ಲಿ ನಾನು ಅವಸರ ಮಾಡುವುದಿಲ್ಲ, ನೀನೂ ಮಾಡಬೇಡ.

ಆಡಲಿ ಬಿಡಲಿ ನೋವು ಒಂದೇ ಸಮ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಮಂಡಿಯ ಮೇಲೋ ಕೆಳಗೋ ಗಂಟು ದಿನದಿನಕ್ಕೂ ದೊಡ್ಡದಾಗುತ್ತಿದ್ದರೆ, ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಹದಿಹರೆಯದಲ್ಲಿ ಬರುವ ಮೂಳೆಯ ಕ್ಯಾನ್ಸರ್ ಹೆಚ್ಚಾಗಿ ಮಂಡಿಯ ಸುತ್ತಲೇ ಕಾಣಿಸಿಕೊಳ್ಳುತ್ತದೆ. ತೀರಾ ಅಪರೂಪ. ಆದರೆ "ಆಟದ ನೋವು" ಎಂದು ತಿಂಗಳುಗಟ್ಟಲೆ ಎಣ್ಣೆ ಹಚ್ಚುತ್ತಾ ಕೂತರೆ ಕಳೆದುಹೋಗುವ ಸಮಯ ತುಂಬ ಬೆಲೆಯದ್ದು. ಜ್ವರದ ಜೊತೆ ಮಂಡಿ ಕೆಂಪಾಗಿ, ಬಿಸಿಯಾಗಿ, ಊದಿ, ಕಾಲೂರಲು ಆಗದಿದ್ದರೆ ಕೀಲಿನೊಳಗೆ ಸೋಂಕು ಇರಬಹುದು. ಆಗ ನಾಳೆಗೆ ಮುಂದೂಡುವಂತಿಲ್ಲ. ಬೆಳಿಗ್ಗೆ ಎದ್ದಾಗ ಮಂಡಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದು, ಊತ ವಾರಗಟ್ಟಲೆ ಇಳಿಯದಿದ್ದರೆ ಮಕ್ಕಳಲ್ಲಿ ಬರುವ ಸಂಧಿವಾತದ ಅನುಮಾನ ಪಡಬೇಕು. ಮಂಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಬಿಡಿಸಿಕೊಳ್ಳದಿದ್ದರೆ, ತಿರುಗುವಾಗ ಟಪ್ಪೆಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗಿನ ಲಿಗಮೆಂಟೋ ಮೃದ್ವಸ್ಥಿಯೋ ಹರಿದಿರಬಹುದು. ಮೊದಲೇ ಗುಬುಟು ನೋಯುತ್ತಿದ್ದವನು ಜಿಗಿದಾಗ ಒಮ್ಮೆಲೇ ಕಿತ್ತುಬಂದಂತಾಗಿ ಕಾಲು ನೇರ ಮಾಡಲು ಆಗದಿದ್ದರೆ ಮೂಳೆಯ ತುಂಡೇ ಬಿಟ್ಟುಕೊಂಡಿರಬಹುದು.

ಇನ್ನೊಂದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ: ಮಂಡಿಯಲ್ಲಿ ನೋವು, ತೊಂದರೆ ಸೊಂಟದ ಕೀಲಿನಲ್ಲಿ. 10ರಿಂದ 16ರ ವಯಸ್ಸಿನಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ತೊಡೆಮೂಳೆಯ ತಲೆ ಬೆಳವಣಿಗೆಯ ಪಟ್ಟಿಯ ಹತ್ತಿರ ಜಾರುವುದುಂಟು. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ, ನೋವು ಎಲ್ಲಿ ಎಂದರೆ ಮಂಡಿ ತೋರಿಸುತ್ತದೆ. ಮಂಡಿ ಮುಟ್ಟಿ ನೋಡಿದರೆ ಏನೂ ಇರುವುದಿಲ್ಲ, ಎಕ್ಸ್‌ರೇ ತೆಗೆಸಿದರೂ ಮಂಡಿ ಚೆನ್ನಾಗಿಯೇ ಕಾಣುತ್ತದೆ. ಕುಂಟುವ ಮಗುವಿನ ಸೊಂಟದ ಕೀಲನ್ನೂ ನೋಡಿ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಅದು ತಿಳಿಯುವವರೆಗೂ ಆ ಕಾಲಿನ ಮೇಲೆ ಭಾರ ಹಾಕಿ ನಡೆಸಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೆಂಗಳೂರಿನವರಿಗೆ ಜಯನಗರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇದೆ. ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು, ಅವರು ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.

ಇವೇನೂ ಇಲ್ಲ, ನೋವು ಆಡಿದರೆ ಬರುತ್ತದೆ, ಸುಮ್ಮನಿದ್ದರೆ ಇಳಿಯುತ್ತದೆ ಎಂದಾದರೆ ಈಗ ಲೆಕ್ಕಕ್ಕೆ ಬರೋಣ.

ಒಂದು ನೋಟ್‌ಬುಕ್ ತೆಗೆದುಕೋ. ಒಂದು ವಾರ ಏನೂ ಬದಲಾಯಿಸದೆ, ಮಾಡಿದ್ದನ್ನೆಲ್ಲ ಬರೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ವಾರ ಹೀಗಿರಬಹುದು: ದಿನಾ ಬೆಳಿಗ್ಗೆ ಶಾಲಾ ತಂಡದ ಖೊ ಖೊ ಅಭ್ಯಾಸ, ವಾರಕ್ಕೆ ಎರಡು ಸಲ ಆಟದ ಪೀರಿಯಡ್, ಮಂಗಳವಾರ, ಗುರುವಾರ ಸಂಜೆ ಊರಿನ ಕ್ಲಬ್ಬು, ಶನಿವಾರ ಡ್ಯಾನ್ಸ್ ಪ್ರಾಕ್ಟೀಸ್, ಭಾನುವಾರ ಅಣ್ಣನ ಗೆಳೆಯರ ಜೊತೆ ಕ್ರಿಕೆಟ್. ಶಾಲೆಯ ಶಿಕ್ಷಕಿಗೆ ಕ್ಲಬ್ಬಿನದು ಗೊತ್ತಿಲ್ಲ, ಕ್ಲಬ್ಬಿನ ಕೋಚಿಗೆ ಡ್ಯಾನ್ಸ್ ಗೊತ್ತಿಲ್ಲ, ಮನೆಯವರಿಗೆ ಆಟದ ಪೀರಿಯಡ್ ಲೆಕ್ಕಕ್ಕೇ ಇಲ್ಲ. ಪ್ರತಿಯೊಬ್ಬರೂ "ನಾವು ಹೆಚ್ಚೇನೂ ಆಡಿಸುವುದಿಲ್ಲ" ಎನ್ನುತ್ತಾರೆ. ಅವರು ಹೇಳುವುದೂ ನಿಜವೇ. ಎಲ್ಲ ಸೇರಿ ಎಷ್ಟಾಯಿತು ಎಂಬುದು ಒಂದೇ ಪುಟದಲ್ಲಿ ಬರೆದಾಗ ಮಾತ್ರ ಕಾಣುತ್ತದೆ.

ಗಂಟೆಯ ಜೊತೆಗೆ ಏನು ಮಾಡಿದೆ ಎಂಬುದನ್ನೂ ಬರೆ, ಯಾಕೆಂದರೆ ಎಲ್ಲ ಗಂಟೆಯೂ ಮಂಡಿಗೆ ಒಂದೇ ಅಲ್ಲ. ನಾನು ಖೊ ಖೊ ಕಲಿಸುವವಳು, ಅದನ್ನೇ ತೆಗೆದುಕೊಳ್ಳುತ್ತೇನೆ. ಬೆನ್ನಟ್ಟುವ ತಂಡದ ಎಂಟು ಜನ ಚೌಕಗಳಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ಕೂತವಳನ್ನು ಹತ್ತಿರದಿಂದ ನೋಡು. ಹಿಂಬದಿ ಪೂರ್ತಿ ಕೆಳಗಿಳಿದಿದೆ, ಹಿಮ್ಮಡಿ ಎದ್ದಿದೆ, ಬೆರಳು ನೆಲಕ್ಕೆ ಊರಿವೆ, ಮಂಡಿ ಎಷ್ಟು ಮಡಚಬಹುದೋ ಅಷ್ಟೂ ಮಡಚಿದೆ. ಬೆನ್ನ ಹಿಂದೆ "ಖೊ" ಬಿದ್ದ ಕ್ಷಣಕ್ಕೆ ಆ ಮಡಚಿದ ಮಂಡಿಯಿಂದಲೇ ಇಡೀ ದೇಹವನ್ನು ಮುಂದಕ್ಕೆ ಚಿಮ್ಮಿಸಬೇಕು. ನಾಲ್ಕು ಹೆಜ್ಜೆ ಓಡಿ ಕಂಬ ಹಿಡಿದು ತಿರುಗಬೇಕು, ಮತ್ತೆ ಇನ್ನೊಬ್ಬಳಿಗೆ ಖೊ ಕೊಟ್ಟು ಅವಳು ಎದ್ದ ಚೌಕದಲ್ಲಿ ತಟ್ಟನೆ ಕೂರಬೇಕು. ಪೂರ್ತಿ ಮಡಚಿ ಏಳುವುದು, ಓಡುತ್ತಾ ಗಕ್ಕನೆ ನಿಲ್ಲುವುದು, ಜಿಗಿದು ಇಳಿಯುವುದು: ಮಂಡಿಯ ಮುಂಭಾಗಕ್ಕೆ ಅತಿ ಹೆಚ್ಚು ಎಳೆತ ಬೀಳುವುದು ಈ ಮೂರರಲ್ಲಿ. ಓಡಿ ತಪ್ಪಿಸಿಕೊಳ್ಳುವವಳ ಮಂಡಿಗಿಂತ ಕೂತು ಏಳುವವಳ ಮಂಡಿ ಹೆಚ್ಚು ದಣಿಯುವುದು ಇದಕ್ಕೇ. ವಾಲಿಬಾಲಿನಲ್ಲಾದರೆ ಸ್ಮ್ಯಾಶ್, ಬ್ಲಾಕಿನ ಜಿಗಿತ ಎಣಿಸು. ಕಬಡ್ಡಿಯಲ್ಲಿ ಮಂಡಿ ನೆಲಕ್ಕೆ ಕುಕ್ಕುವುದನ್ನು ಬರೆ. ಕ್ರಿಕೆಟಿನಲ್ಲಿ ವೇಗದ ಬೌಲಿಂಗಿನ ಓವರು, ಕೀಪರ್ ಆಗಿದ್ದರೆ ಕುಕ್ಕರಗಾಲಿನಲ್ಲಿ ಕೂತ ಓವರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆದು, ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದದ್ದು ನಿನಗೂ ಗೊತ್ತಿರಬಹುದು. ಹಳ್ಳಿಯ ಶಾಲೆಯ ಹುಡುಗಿಗೆ ಅದು ಎಷ್ಟು ದೊಡ್ಡ ಆಸೆ ಹುಟ್ಟಿಸುತ್ತದೆ ಎಂದು ನನಗೆ ತಿಳಿದಿದೆ. ಆ ಆಸೆ ಇಟ್ಟುಕೊಂಡವಳು ಮಂಡಿಯನ್ನು ಇನ್ನೂ ಜೋಪಾನವಾಗಿ ನೋಡಿಕೊಳ್ಳಬೇಕು.

ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಹಾಕು, ನೋವಿನ ಅಂಕಿ. ಸೊನ್ನೆ ಎಂದರೆ ನೋವೇ ಇಲ್ಲ, 10 ಎಂದರೆ ತಡೆಯಲಾಗದ ನೋವು. ಆಡುವಾಗ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ, ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಒಮ್ಮೆ ಬರೆ. 2ರವರೆಗಿನ ನೋವಿಗೆ ಹೆದರಬೇಕಾಗಿಲ್ಲ. 3ರಿಂದ 5 ಇದ್ದರೆ ಎಚ್ಚರದಿಂದ ಆಡಬಹುದು, ಆದರೆ ಬೆಳಿಗ್ಗೆಯ ಹೊತ್ತಿಗೆ ಅದು ಮೊದಲಿದ್ದಲ್ಲಿಗೆ ಇಳಿದಿರಬೇಕು. 5 ದಾಟಿದರೆ, ಕುಂಟುವಂತಾದರೆ ಅಂದಿನ ಆಟ ಅಲ್ಲಿಗೇ ಮುಗಿಯಿತು. ಮೂರರಲ್ಲಿ ಬೆಳಿಗ್ಗೆಯ ಅಂಕಿಯೇ ನನಗೆ ಮುಖ್ಯ. ಆಡುವ ಹುರುಪಿನಲ್ಲಿ ಮೈ ಬಿಸಿಯಾಗಿದ್ದಾಗ ನೋವು ಮರೆಯಾಗುತ್ತದೆ. ನಿನ್ನೆ ಮಂಡಿಗೆ ಎಷ್ಟು ಬಿತ್ತು ಎಂಬುದನ್ನು ಬೆಳಗಿನ ನಾಲ್ಕು ಹೆಜ್ಜೆ ಸರಿಯಾಗಿ ಹೇಳುತ್ತವೆ. ನೋವು ಇದ್ದ ಮಾತ್ರಕ್ಕೆ ಒಳಗೆ ಏನೋ ಹರಿಯುತ್ತಿದೆ ಎಂದಲ್ಲ ಎಂಬುದೂ ನೆನಪಿರಲಿ. ಇದು ಗೊತ್ತಿಲ್ಲದ ಮಕ್ಕಳು ಚೂರು ನೋವಿಗೂ ಹೆದರಿ ಮಂಡಿಯನ್ನೇ ಮಡಚದೆ ನಡೆಯುತ್ತಾರೆ.

ಈಗ ಭಾರ ಇಳಿಸುವುದು. ಮೊದಲ ನಾಲ್ಕು ವಾರ ಜಿಗಿತ, ವೇಗದ ಓಟ, ಪೂರ್ತಿ ಕೂತು ಏಳುವುದು ಇವನ್ನು ಬಿಡು. ನಡಿಗೆ, ಸೀಟು ಸ್ವಲ್ಪ ಎತ್ತರಿಸಿದ ಸೈಕಲ್, ಊರಲ್ಲಿ ಸೌಕರ್ಯ ಇದ್ದರೆ ಈಜು, ನೋವಿನ ಅಂಕಿ 2 ದಾಟದಿದ್ದರೆ ಇವೆಲ್ಲ ಆಗುತ್ತದೆ. ಟೀಮಿನ ಜೊತೆಗೇ ಇರು. ನಿಂತು ಕ್ಯಾಚ್ ಹಿಡಿ, ಸರ್ವ್ ಅಭ್ಯಾಸ ಮಾಡು, ಕಂಬದ ಬಳಿ ಕೈ ಹಿಡಿತ ಕಲಿ, ಅಂಪೈರಿಂಗ್ ಮಾಡು. ಮೈದಾನದಿಂದ ಪೂರ್ತಿ ದೂರವಾದ ಮಕ್ಕಳು ಮಂಡಿಗಿಂತ ಮನಸ್ಸಿನಲ್ಲಿ ಹೆಚ್ಚು ಕುಗ್ಗುತ್ತಾರೆ.

ಇದರ ಜೊತೆಗೆ ಬಲ ಕಟ್ಟುವ ಕೆಲಸ ಮೊದಲ ದಿನದಿಂದಲೇ ಶುರು. ನೆಲದ ಮೇಲೆ ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡು. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತು, ತೊಡೆ ಕಲ್ಲಿನಂತೆ ಬಿಗಿಯಾಗಬೇಕು. ಮನಸ್ಸಿನಲ್ಲೇ 30 ಎಣಿಸಿ ಬಿಡು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಒತ್ತು. ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ಊರಿ, ಸೊಂಟ ಮೇಲೆತ್ತಿ ಹಿಡಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸು, ಸೊಂಟದ ಪಕ್ಕದ ಸ್ನಾಯು ಗಟ್ಟಿಯಾದರೆ ಓಡುವಾಗ ಮಂಡಿ ಒಳಕ್ಕೆ ವಾಲುವುದಿಲ್ಲ. ನಾಲ್ಕು ವಾರದ ನಂತರ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಆಮೇಲೆ ಒಂದು ಕಾಲು ಮುಂದಿಟ್ಟು ಬಗ್ಗುವುದು. ಎಷ್ಟು ಬಗ್ಗಬೇಕು? ನೋವಿನ ಅಂಕಿ ಬಿಡುವಷ್ಟು. ತೊಡೆಯ ಮುಂಭಾಗ ತೀರಾ ಬಿಗಿಯಾಗಿದ್ದರೆ ಹಗುರವಾಗಿ ಹಿಗ್ಗಿಸಬಹುದು. ಆದರೆ ಗುಬುಟು ಕೆರಳಿರುವಾಗ ಹಿಮ್ಮಡಿಯನ್ನು ಹಿಂಬದಿಗೆ ಜೋರಾಗಿ ಎಳೆದು ಹಿಗ್ಗಿಸಬೇಡ, ಆ ಎಳೆತವೂ ಅಲ್ಲಿಗೇ ಬೀಳುತ್ತದೆ. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆಯಾದರೂ ಹೋಗಿ ಕಣ್ಣಾರೆ ನೋಡಿ ಕಲಿತರೆ ಒಳ್ಳೆಯದು.

ಈ ಕ್ರಮ ನನ್ನ ಕಲ್ಪನೆಯದಲ್ಲ. ಡೆನ್ಮಾರ್ಕಿನ ಸಂಶೋಧಕರು ಆಸ್‌ಗುಡ್ ಶ್ಲಾಟರ್ ಇದ್ದ 10ರಿಂದ 14 ವಯಸ್ಸಿನ 51 ಮಕ್ಕಳಿಗೆ 12 ವಾರ ಹೀಗೆಯೇ ಮಾಡಿಸಿ 2020ರಲ್ಲಿ ಪ್ರಕಟಿಸಿದರು: ಮೊದಲ ನಾಲ್ಕು ವಾರ ಆಟದ ಭಾರ ಇಳಿಸಿ ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮ, ಆಮೇಲೆ ಗೋಡೆಗೆ ಒರಗಿ ಕೂರುವುದು, ಮುಂದೆ ಬಗ್ಗುವುದು, ಹಂತಹಂತವಾಗಿ ಆಟ. 12 ವಾರ ಮುಗಿದಾಗ ಶೇ. 80 ಮಕ್ಕಳು ಚೆನ್ನಾಗಿ ಸುಧಾರಿಸಿದೆ ಎಂದರು. ಆದರೆ ಅಷ್ಟು ಹೊತ್ತಿಗೆ ಆಟಕ್ಕೆ ಮರಳಿದ್ದವರು ಶೇ. 16 ಮಾತ್ರ. ಒಂದು ವರ್ಷದ ಹೊತ್ತಿಗೆ ಶೇ. 69 ಆದರು. ಈ ಅಂಕಿಗಳನ್ನು ನಾನು ತಂದೆತಾಯಂದಿರಿಗೆ ಒಟ್ಟಿಗೇ ಹೇಳುತ್ತೇನೆ. ಸುಧಾರಿಸುವುದು ಬೇಗ, ಪೂರ್ತಿ ಆಟಕ್ಕೆ ಮರಳುವುದು ನಿಧಾನ. ಹದಿನೈದು ದಿನ ರೆಸ್ಟ್ ಮಾಡಿ ಜಿಲ್ಲಾ ಮಟ್ಟಕ್ಕೆ ಇಳಿಯುತ್ತೇನೆ ಎಂದುಕೊಂಡರೆ ನಿರಾಸೆಯಾಗುತ್ತದೆ. ಗುಬುಟಿನ ಜಾಗ ಮೂಳೆಯಾಗಿ ಗಟ್ಟಿಯಾದ ಮೇಲೆ ಹೆಚ್ಚಿನವರಿಗೆ ನೋವು ನಿಲ್ಲುತ್ತದೆ. ಕೆಲವರಿಗೆ ವರ್ಷಗಳವರೆಗೂ ಆಗೊಮ್ಮೆ ಈಗೊಮ್ಮೆ ಕಾಡುತ್ತದೆ. ಉಬ್ಬು ಹಾಗೇ ಉಳಿಯಬಹುದು, ಅದರಿಂದ ಆಟಕ್ಕೆ ತೊಂದರೆಯಿಲ್ಲ. ಮಂಡಿಯೂರುವಾಗ ಮಾತ್ರ ಕೆಳಗೆ ಮೆತ್ತನೆಯದೇನಾದರೂ ಇದ್ದರೆ ಸುಖ.

ಮನೆಯಲ್ಲಿ ಮಾಡುವ ಉಪಚಾರಗಳ ಬಗ್ಗೆ ಕೇಳುತ್ತಾರೆ. ಆಡಿ ಬಂದ ಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಹಾಯೆನಿಸುತ್ತದೆ, ಇಡು. ಫ್ರಿಜ್ ಇಲ್ಲದ ಮನೆಯಲ್ಲಿ ತಣ್ಣೀರಲ್ಲಿ ಅದ್ದಿದ ಬಟ್ಟೆಯೂ ಆದೀತು. ನೋಯುವ ಉಬ್ಬಿನ ಮೇಲೆ ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಬೇಡ, "ಉಳುಕು ತೆಗೆಯುತ್ತೇನೆ" ಎಂದು ಯಾರಾದರೂ ಕಾಲು ಹಿಡಿದು ಎಳೆಯಲು ಬಂದರೆ ಬೇಡ ಎನ್ನು. ಅದು ಉಳುಕೇ ಅಲ್ಲ. ತೊಡೆಗೆ, ಮೀನಖಂಡಕ್ಕೆ ಅಜ್ಜಿ ಹಗುರವಾಗಿ ಎಣ್ಣೆ ಹಚ್ಚಿದರೆ ಖಂಡಿತ ಬೇಡ ಎನ್ನಬೇಡ. ನೀ ಕ್ಯಾಪ್ ಹಾಕಿದರೆ ಕೆಲವರಿಗೆ ಧೈರ್ಯ ಬರುತ್ತದೆ, ಕಬಡ್ಡಿಯಲ್ಲಿ ನೆಲದ ಪೆಟ್ಟು ತಪ್ಪುತ್ತದೆ. ಅದು ವ್ಯಾಯಾಮದ ಬದಲಿಗೆ ಬರುವಂಥದ್ದಲ್ಲ. ನೋವಿನ ಮಾತ್ರೆ ನುಂಗಿ ಮ್ಯಾಚಿಗೆ ಇಳಿಯುವುದನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಬೇಡ ಎನ್ನುತ್ತೇನೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಎಳೆತ ಹಾಗೇ ಬೀಳುತ್ತಿರುತ್ತದೆ, ನಿನ್ನ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೆಡುಕು. ರಜ್ಜುವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸುವ ಮಾತು ಬಂದರೆ ಇನ್ನೊಬ್ಬ ಮೂಳೆ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಊಟದ ವಿಷಯ ಚಿಕ್ಕದಾಗಿ. ಆಹಾರದಿಂದ ಈ ನೋವು ವಾಸಿಯಾಗುವುದಿಲ್ಲ, ಆದರೆ ಹಸಿದ ಮೈಯಲ್ಲಿ ಬೆಳೆಯುವ ಮೂಳೆಗೆ ಸುಧಾರಿಸಿಕೊಳ್ಳಲು ಸಾಮಗ್ರಿ ಸಿಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ರೊಟ್ಟಿ, ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆ ಯಾವುದನ್ನೂ ಬಿಡಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮುಗಿಸಿ ಹಾಗೇ ಕ್ಲಾಸಿಗೆ ಓಡುವುದು ನಿಲ್ಲಬೇಕು. ಹುಡುಗಿಯರಿಗೆ ಒಂದು ಮಾತು: ಆಟ ಹೆಚ್ಚಾದ ಮೇಲೆ ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ "ಒಳ್ಳೇದೇ ಆಯ್ತು" ಎಂದುಕೊಳ್ಳಬೇಡ. ಮೈಗೆ ಬೇಕಾದಷ್ಟು ಊಟ ಸಿಗುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ಮೂಳೆಗೂ ಅದು ಒಳ್ಳೆಯದಲ್ಲ. ಅಮ್ಮನಿಗೆ ಹೇಳು, ಡಾಕ್ಟರಿಗೆ ತೋರಿಸು.

ನನ್ನ ಸಹೋದ್ಯೋಗಿಗಳಲ್ಲೂ ಒಂದು ಕೋರಿಕೆ ಇದೆ. ತಡವಾಗಿ ಬಂದವನಿಗೆ 50 ಬಸ್ಕಿ, ಹೋಂವರ್ಕ್ ತರದವಳಿಗೆ ಮಂಡಿಯೂರಿ ನಿಲ್ಲುವುದು, ತಂಡ ಸೋತಿತೆಂದು ಮೈದಾನದ ಸುತ್ತ ಕಪ್ಪೆ ಜಿಗಿತ. ಮಂಡಿ ನೋಯುವ ಮಗುವಿಗೆ ಇವಕ್ಕಿಂತ ಕೆಟ್ಟದ್ದು ಇಲ್ಲ, ಚೆನ್ನಾಗಿರುವ ಮಗುವಿಗೂ ಇವು ಬೇಡ. ಶಿಕ್ಷೆಯಾಗಿ ಕೊಟ್ಟ ಬಸ್ಕಿಯನ್ನು ಯಾವ ಮಗುವೂ ಅಭ್ಯಾಸದ ಲೆಕ್ಕದಲ್ಲಿ ಬರೆಯುವುದಿಲ್ಲ, ಮಂಡಿ ಮಾತ್ರ ಲೆಕ್ಕ ಇಟ್ಟುಕೊಂಡಿರುತ್ತದೆ. ಮಗು ನೋವು ಎಂದಾಗ ಮೊದಲು ನಂಬಿ. ಸುಳ್ಳು ಹೇಳಿ ಆಟ ತಪ್ಪಿಸುವವರು ಎಲ್ಲೋ ಒಬ್ಬರು. ನಿಜ ಮುಚ್ಚಿಟ್ಟು ಆಡುವವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಮುಂದಿನ ವರ್ಷ ಕ್ರೀಡಾ ವಸತಿ ನಿಲಯದ ಆಯ್ಕೆ ಇದೆ, ಈಗ ನೋವು ಎಂದರೆ ಅವಕಾಶ ಹೋಗುತ್ತದೆ ಎಂದು ಮಗು ಅಂದುಕೊಂಡಿರುತ್ತದೆ. ಆ ಹೆದರಿಕೆಯನ್ನು ಬಿಡಿಸುವುದು ನಮ್ಮ ಕೆಲಸ.

ಮರಳಿ ಆಡುವುದು ಹೇಗೆ ಎಂಬುದು ಕೊನೆಯ ವಿಷಯ. ನಡೆಯುವಾಗ, ಮೆಟ್ಟಿಲು ಹತ್ತಿ ಇಳಿಯುವಾಗ ನೋವಿಲ್ಲ ಎಂದಾದ ಮೇಲೆ ನಿಧಾನದ ಓಟ ಶುರು ಮಾಡು, ಒಂದು ದಿನ ಬಿಟ್ಟು ಒಂದು ದಿನ, ನೇರ ದಾರಿಯಲ್ಲಿ, ಆದಷ್ಟು ಮಣ್ಣಿನ ನೆಲದಲ್ಲಿ. ಒಂದು ವಾರ ಬೆಳಗಿನ ಅಂಕಿ ಏರದಿದ್ದರೆ ವೇಗ ಸೇರಿಸು. ಇನ್ನೊಂದು ವಾರ ಸರಿ ಇದ್ದರೆ ತಿರುವು. ಆಮೇಲೆ ಎರಡು ಕಾಲಿನ ಸಣ್ಣ ಜಿಗಿತ, ಆಮೇಲೆ ಒಂಟಿಕಾಲು. ಕೂತು ಏಳುವುದು, ಪೂರ್ತಿ ಮ್ಯಾಚು ಇವೆಲ್ಲ ಕೊನೆಗೆ. ಒಂದೇ ವಾರದಲ್ಲಿ ಎರಡು ಹೊಸದನ್ನು ಸೇರಿಸಬೇಡ, ಸೇರಿಸಿದರೆ ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮಧ್ಯೆ ಒಂದು ದಿನ ನೋವು ಏರಿಯೇ ಏರುತ್ತದೆ. ಆಗ ಎಲ್ಲ ಹಾಳಾಯಿತು ಎಂದು ಅಳುತ್ತಾ ಕೂರಬೇಡ. ಒಂದು ಮೆಟ್ಟಿಲು ಕೆಳಗಿಳಿ, ಒಂದು ವಾರ ಅಲ್ಲೇ ಇರು, ಮತ್ತೆ ಏರು. ಆಟಕ್ಕೆ ಮರಳಿದ ಮೇಲೂ ವಾರಕ್ಕೆ ಎರಡು ದಿನ ತೊಡೆಯ ವ್ಯಾಯಾಮ ನಿಲ್ಲಿಸಬೇಡ. ವಾರದಲ್ಲಿ ಒಂದು ದಿನ ಯಾವ ಆಟವೂ ಇಲ್ಲದ ದಿನವಾಗಿರಲಿ, ಅಣ್ಣನ ಕ್ರಿಕೆಟ್ ಕೂಡ.

12 ವಾರ ಹೀಗೆ ಶಿಸ್ತಾಗಿ ಮಾಡಿದ ಮೇಲೂ ಅಂಕಿ ಇಳಿದಿಲ್ಲ ಎಂದರೆ ನಿನ್ನ ತಪ್ಪೇನೂ ಇಲ್ಲ, ಮತ್ತೆ ಡಾಕ್ಟರ ಹತ್ತಿರ ಹೋಗಬೇಕಾದ ಸಮಯ ಬಂದಿದೆ ಅಷ್ಟೆ. ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗು. ಎಂದಿನಿಂದ, ಏನು ಮಾಡಿದರೆ, ಎಷ್ಟು ಹೊತ್ತು ಎಂದು ಅವರು ಕೇಳುವುದಕ್ಕೆಲ್ಲ ಉತ್ತರ ಅದರಲ್ಲೇ ಇರುತ್ತದೆ. ಅಪ್ಪನೋ ಅಮ್ಮನೋ ನಿನ್ನ ಪರವಾಗಿ ಮಾತಾಡುವ ಮೊದಲು ನೀನೇ ಪುಟ ತೆಗೆದು ತೋರಿಸು.